ಆರೋಗ್ಯವಂತರ ಡಬ್ಬಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಸಣ್ಣಿಯ ಕಂಪ್ಯೂಟರ್ ಪರದೆಯ ಮೇಲೆ ಹದಿಮೂರು ಜನ ಗಂಡಸರು ಹೆಂಗಸರಾಗಿಬಿಟ್ಟರು.

ಆದದ್ದು ಒಂದು ಚಿಲ್ಲರೆ ಕೆಲಸದ ನಡುವೆ. ಶುಕ್ರವಾರ ವಿಚಾರಣಾ ಸಮಿತಿಯ ಮುಂದೆ ಇಡಬೇಕಾದ ವರದಿ ಮುಗಿದಿತ್ತು, ಅವಳ ಸಹಿಯೊಂದು ಬಾಕಿ. ನಾಲ್ಕನೆಯ ಚಿತ್ರದಲ್ಲಿ ಗಂಡಸರ ಕೋಶಗಳಿಗೆ ನೀಲಿ, ಹೆಂಗಸರ ಕೋಶಗಳಿಗೆ ಕಿತ್ತಳೆ ಬಣ್ಣ ಕೊಟ್ಟರೆ ನೋಡುವವರಿಗೆ ಸಲೀಸು ಅನ್ನಿಸಿತು. ಪಟ್ಟಿ ನೋಡಿ ಬಣ್ಣ ಬಳಿಯುವ ಬದಲು ಕೋಶಗಳನ್ನೇ ಕೇಳಿದಳು. ಹೆಣ್ಣಿನ ಮೈಯ ಜೀವಕೋಶ ಒಂದು ಸಂದೇಶವನ್ನು ತನ್ನಷ್ಟಕ್ಕೆ ಬರೆದುಕೊಳ್ಳುತ್ತಲೇ ಇರುತ್ತದೆ. ಗಂಡಿನ ಕೋಶ ಅದನ್ನು ಬರೆಯುವುದಿಲ್ಲ. ಆಮಿಷಕ್ಕೂ ಬೆದರಿಕೆಗೂ ಬಗ್ಗದ ಸಾಕ್ಷಿ. ಅವಳು ಕೀಲಿ ಒತ್ತಿದಳು. ಒಂದೂವರೆ ಲಕ್ಷ ಚುಕ್ಕಿಗಳು, ಚುಕ್ಕಿಗೊಂದು ಕೋಶ, ಪರದೆಯ ತುಂಬ ಕಿತ್ತಳೆಯಾಗಿ ಅರಳಿದವು. ಅಲ್ಲಲ್ಲಿ ಏನೂ ಹೇಳದ ಬೂದು ಚುಕ್ಕಿಗಳಿದ್ದವು. ನೀಲಿ ಒಂದೂ ಇರಲಿಲ್ಲ.

ಪಟ್ಟಿಯ ಪ್ರಕಾರ ರಕ್ತ ಕೊಟ್ಟವರು ಇಪ್ಪತ್ತನಾಲ್ಕು ಕಾರ್ಮಿಕರು. ಅವರಲ್ಲಿ ಹದಿಮೂರು ಗಂಡಸರು. ಆರನೆಯ ನಂಬರಿನ ಮುಂದೆ 'ಪುರುಷ, ನಲವತ್ತನಾಲ್ಕು ವರ್ಷ' ಎಂದು ಸ್ಪಷ್ಟವಾಗಿ ಬರೆದಿತ್ತು. ಆರನೆಯ ನಂಬರಿನ ಆರು ಸಾವಿರ ಕೋಶಗಳು ಒಕ್ಕೊರಲಿನಿಂದ ನಾವು ಹೆಣ್ಣು ಎನ್ನುತ್ತಿದ್ದವು.

ನಾನೇ ಎಲ್ಲೋ ಎಡವಿದ್ದೀನಿ ಎಂದುಕೊಂಡಳು. ಈ ಕಸುಬಿನಲ್ಲಿ ಮೊದಲು ಬೈಸಿಕೊಳ್ಳಬೇಕಾದದ್ದು ಸ್ವಂತ ಕೈ.

ಆ ಇಪ್ಪತ್ತನಾಲ್ಕು ಜನರ ಕಥೆ ಹೀಗೆ. ಊರಾಚೆಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳಿಗೆ ಮೆತ್ತಿದ ಜಿಡ್ಡನ್ನು ದೊಡ್ಡ ತೊಟ್ಟಿಗಳಲ್ಲಿ ತೊಳೆಯುತ್ತಾರೆ. ತೊಳೆಯುವುದು ನೀರಿನಲ್ಲಲ್ಲ, ಕಂಪನಿ ಹೆಸರು ಹೇಳದ ಒಂದು ದ್ರಾವಕದಲ್ಲಿ. ಅದರ ವಾಸನೆ ಇಷ್ಟೇ ಇಷ್ಟು ಸಿಹಿ. ಕೆಲಸದವರು ಅದಕ್ಕೆ ಸಿಹಿನೀರು ಎಂದು ಹೆಸರಿಟ್ಟಿದ್ದರು. ಎರಡು ವರ್ಷದಲ್ಲಿ ಆ ತೊಳೆಯುವ ಹಾಲ್‌ನ ಮೂವರು ಸತ್ತರು, ಮೂವರದೂ ರಕ್ತದ ಕಾಯಿಲೆ. ಕಂಪನಿಯ ಡಾಕ್ಟರು ಹಣೆಬರಹ ಎಂದರು. ಹಣೆಬರಹವೂ ಹಾಲ್ ನೋಡಿ ಬರೆಯುತ್ತದಾ ಎಂದು ಕಾರ್ಮಿಕರ ಸಂಘ ಕೇಳಿತು, ಕೆಲಸ ನಿಲ್ಲಿಸಿತು, ಗೇಟಿನ ಮುಂದೆ ಹನ್ನೊಂದು ದಿನ ಕೂತಿತು. ಕೊನೆಗೆ ಸಮಿತಿಯಾಯಿತು. ಸಮಿತಿಯು ಸಣ್ಣಿಯ ಸಂಸ್ಥೆಗೆ ಬರೆಯಿತು: ಈ ಜನರ ರಕ್ತವನ್ನು ಕೋಶ ಕೋಶವಾಗಿ ನೋಡಿ ಹೇಳಿ.

ಕೋಶ ಕೋಶವಾಗಿ ನೋಡುವುದೇ ಸಣ್ಣಿಯ ವಿದ್ಯೆ. ಹಿಂದೆಲ್ಲ ರಕ್ತವನ್ನು ಒಟ್ಟಿಗೆ ಅರೆದು ಸರಾಸರಿ ತೆಗೆಯುತ್ತಿದ್ದರು. ಸರಾಸರಿ ಎಂಬುದು ಮಾಲೀಕರಿಗೆ ಬಲು ಪ್ರೀತಿಯ ಲೆಕ್ಕ. ಅದರಲ್ಲಿ ಸತ್ತವನೂ ಅರ್ಧ ಬದುಕಿರುತ್ತಾನೆ. ಸಣ್ಣಿ ಒಂದೊಂದು ಕೋಶವನ್ನೂ ಒಂದೊಂದು ಎಣ್ಣೆಹನಿಯೊಳಗೆ ಒಂಟಿಯಾಗಿ ಕೂರಿಸಿ, ನಿನ್ನ ಪಾಡೇನು ಹೇಳು ಎಂದು ಕೇಳುವವಳು. ಅವಳ ಹೆಸರು ಸಣ್ಣಿಯಲ್ಲ. ಅದು ಅಕ್ಕ ಇಟ್ಟ ಅಡ್ಡಹೆಸರು. "ಹುಟ್ಟಿದಾಗ ಸಣ್ಣಿ, ಈಗ ನೋಡೋದೂ ಸಣ್ಣದು, ಸಂಬಳಾನೂ ಸಣ್ಣದು" ಎಂದು ಅಕ್ಕ ನಗುತ್ತಿದ್ದಳು.

ಅಕ್ಕ ಆ ತೊಳೆಯುವ ಹಾಲ್‌ನ ಮೇಸ್ತ್ರಿ. ಹನ್ನೊಂದನೆಯ ನಂಬರು ಅವಳದೇ. ನಂಬರು ಯಾರದೆಂದು ಯಾರಿಗೂ ಹೇಳಬಾರದೆಂಬ ನಿಯಮವಿತ್ತು. ಆದರೆ ರಕ್ತ ಕೊಟ್ಟ ದಿನವೇ ಅಕ್ಕ ತಂಗಿಯ ಮನೆಗೆ ಬಂದು, "ನಾನು ಹನ್ನೊಂದು ಕಣೇ, ನನ್ನದನ್ನ ಸ್ವಲ್ಪ ಚೆನ್ನಾಗಿ ನೋಡು" ಅಂದಿದ್ದಳು. ಅವಳ ತೋಳಿನಲ್ಲಿ, ಯಾರೂ ಹೊಡೆಯದ ಜಾಗದಲ್ಲಿ, ನೇರಳೆ ಬಣ್ಣದ ಕಲೆಗಳಿದ್ದವು. ಹಲ್ಲುಜ್ಜಿದರೆ ಬ್ರಷ್ಷು ಕೆಂಪಾಗುತ್ತಿತ್ತು.

"ಸಂಘದೋರು ಕೇಳ್ತಾರೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ," ಅಂದಿದ್ದಳು ಅಕ್ಕ.

"ಸಮಿತಿಯೋರಿಗೆ ಅಂಗೈ ಕಾಣಲ್ಲಕ್ಕ. ಕನ್ನಡೀನೇ ಬೇಕು," ಅಂದಿದ್ದಳು ಸಣ್ಣಿ. ತನ್ನ ಕನ್ನಡಿಯ ಬಗ್ಗೆ ಅವಳಿಗೆ ಅಷ್ಟು ಹೆಮ್ಮೆ.

ಫಲಿತಾಂಶ ಬಂದಾಗ ಅವಳು ದಂಗಾಗಿದ್ದಳು. ಇಪ್ಪತ್ತನಾಲ್ಕು ಜನರ ರಕ್ತಕ್ಕೂ ಆರೋಗ್ಯವಂತರ ರಕ್ತಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಪರದೆಯಲ್ಲಿ ಎಲ್ಲರ ಕೋಶಗಳೂ ಒಂದರೊಳಗೊಂದು ಹಾಲುಸಕ್ಕರೆಯಂತೆ ಬೆರೆತು ಕೂತಿದ್ದವು. ಬೇರೆ ಬೇರೆ ದಿನ ಮಾಡಿದ ಪ್ರಯೋಗಗಳ ಏರುಪೇರನ್ನು ಉಜ್ಜಿ ಸಮ ಮಾಡುವ ಒಂದು ಪ್ರೋಗ್ರಾಂ ಇದೆ; ಈ ಕಸುಬಿನವರೆಲ್ಲ ಕಣ್ಣುಮುಚ್ಚಿ ಓಡಿಸುವುದು ಅದನ್ನೇ. ಎಷ್ಟು ನಯವಾಗಿ ಉಜ್ಜಿದೆ ಎಂದು ಸಣ್ಣಿ ಪ್ರೋಗ್ರಾಂ ಅನ್ನು ಹೊಗಳಿದಳೇ ಹೊರತು, ಉಜ್ಜುವುದಕ್ಕೆ ಏರುಪೇರಾದರೂ ಇತ್ತೇ ಎಂದು ನೋಡಲಿಲ್ಲ. ಅದೇ ಖುಷಿಯಲ್ಲಿ ಹೇಳಬಾರದ ಮಾತನ್ನು ಅಕ್ಕನಿಗೆ ಫೋನಿನಲ್ಲಿ ಪಿಸುಗುಟ್ಟಿದಳು: "ಏನೂ ಇಲ್ಲಕ್ಕ. ನಾನೇ ನೋಡಿದೀನಿ." ಹೆದರಿ ಮನೆಯಲ್ಲೇ ಕೂತಿದ್ದ ಆರು ಜನ ಹೆಂಗಸರನ್ನು ಅಕ್ಕ ತಾನೇ ಹೋಗಿ ಕರೆತಂದು ಮತ್ತೆ ತೊಟ್ಟಿಯ ಮುಂದೆ ನಿಲ್ಲಿಸಿದಳು. ನನ್ನ ತಂಗಿ ನೋಡಿದಾಳೆ ಅಂದಳಂತೆ. ಡಾಕ್ಟರ ಮಾತನ್ನು ನಂಬದ ಜನ ತಂಗಿಯ ಮಾತನ್ನು ನಂಬಿದರು.

ಈಗ ಪರದೆ ಪೂರ್ತಿ ಕಿತ್ತಳೆ.

ಸಣ್ಣಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಇನ್ನೊಂದು ಪರೀಕ್ಷೆ ಇತ್ತು. ಇಬ್ಬರು ಮನುಷ್ಯರ ವಂಶವಾಹಿಗಳ ಬರಹದಲ್ಲಿ ಸಾವಿರಾರು ಕಡೆ ಒಂದೊಂದು ಅಕ್ಷರ ಬೇರೆ ಇರುತ್ತದೆ. ಒಡಹುಟ್ಟಿದವರಲ್ಲೂ ಅಷ್ಟೆ. ಆ ಅಕ್ಷರಗಳನ್ನು ಓದಿದರೆ, ಈ ರಾಶಿಯಲ್ಲಿ ಒಟ್ಟು ಎಷ್ಟು ಜನರಿದ್ದಾರೆ ಎಂಬ ಪ್ರಶ್ನೆಗೆ ಕಂಪ್ಯೂಟರು ಉತ್ತರ ಹೇಳಬಲ್ಲದು. ಕಾರ್ಮಿಕರ ಇಪ್ಪತ್ತನಾಲ್ಕು, ಹೋಲಿಕೆಗೆಂದು ಇಟ್ಟ ಆರೋಗ್ಯವಂತರ ಮಾದರಿ ಒಂದು. ಇಪ್ಪತ್ತೈದು ಎನ್ನಬೇಕು.

ಲೆಕ್ಕ ಮುಗಿಯಲು ಮೂರು ಗಂಟೆ ಹಿಡಿಯಿತು. ಅವಳು ಊಟಕ್ಕೆ ಏಳಲಿಲ್ಲ. ಪಕ್ಕದ ಕೋಣೆಯಲ್ಲಿ ಗಿರಗಿರ ತಿರುಗುವ ಯಂತ್ರ ನಿಂತಿತು, ಮತ್ತೆ ಶುರುವಾಯಿತು. ಕೊನೆಗೆ ಪರದೆಯ ಕೆಳಗಡೆ ಒಂದೇ ಸಾಲು ಮೂಡಿತು.

ವ್ಯಕ್ತಿಗಳ ಸಂಖ್ಯೆ: ಒಂದು.

ಹೋಲಿಕೆಯ ಮಾದರಿಯೂ ಸೇರಿ ಒಂದು. ಆ ಮಾದರಿ ಯಾರದೆಂದು ಇಡೀ ಲ್ಯಾಬಿಗೆ ಗೊತ್ತಿತ್ತು. ಇಂಥ ಲ್ಯಾಬುಗಳಲ್ಲಿ ಒಂದು ಪದ್ಧತಿ ಉಂಟು: ಕಾಯಿಲೆಯವರ ರಕ್ತ ಆಸ್ಪತ್ರೆಯಿಂದ ಬರುತ್ತದೆ, ಆರೋಗ್ಯವಂತರ ರಕ್ತಕ್ಕೆ ಲ್ಯಾಬಿನವರೇ ತೋಳು ಚಾಚುತ್ತಾರೆ. ಹೋದ ವರ್ಷ ಸಣ್ಣಿ ಒಂದು ಪೂರ್ತಿ ಬಾಟಲಿ ಕೊಟ್ಟಿದ್ದಳು. ಸಂಸ್ಥೆಯ ನರ್ಸಮ್ಮ ಸೂಜಿ ಚುಚ್ಚುತ್ತ, "ಅಬ್ಬ, ಎಂಥ ರಕ್ತಾರೀ, ಮಾರಾಟಕ್ಕಿಡ್ಬಹುದು" ಅಂದಿದ್ದಳು. ಅದರ ಬಿಳಿ ಕೋಶಗಳನ್ನಷ್ಟೇ ಬೇರ್ಪಡಿಸಿ, ಬೆರಳಗಂಟಿನಷ್ಟು ಚಿಕ್ಕ ನಲವತ್ತು ಸೀಸೆಗಳಿಗೆ ಹಂಚಿ, 'ಆರೋಗ್ಯವಂತರು' ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿಟ್ಟು, ನೆಲಮಾಳಿಗೆಯ ದ್ರವ ನೈಟ್ರೋಜನ್ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿದ್ದರು.

ಸಣ್ಣಿಗೆ ಒಂದು ಸಂಗತಿ ನೆನಪಾಯಿತು. ಕಾರ್ಮಿಕರ ಸೀಸೆಗಳನ್ನು ಕರಗಿಸುವಾಗ ಒಂದು ಚೀಟಿ ಹೆಬ್ಬೆರಳಿಗೆ ಯಾಕೋ ದಪ್ಪಗೆ ತಾಗಿತ್ತು. ಚೀಟಿಯ ಕೆಳಗೆ ಇನ್ನೊಂದು ಚೀಟಿ ಇದ್ದ ಹಾಗೆ. ಹಿಮ ಇರಬೇಕು ಎಂದುಕೊಂಡು ಕರಗಿಸಿಬಿಟ್ಟಿದ್ದಳು.

ಇಪ್ಪತ್ತನಾಲ್ಕು ಕಾರ್ಮಿಕರ ಪರವಾಗಿ ಏನೂ ಆಗಿಲ್ಲ ಎಂದು ಸಾಕ್ಷಿ ಹೇಳಿದ್ದು ಅವಳದೇ ರಕ್ತ.

*

ಮಂಗಳವಾರ ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಅವಳು ನೆಲಮಾಳಿಗೆಗೆ ಇಳಿದಳು. ಅಲ್ಲಿ ಆಳೆತ್ತರದ ಮೂರು ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಅವುಗಳ ಕಾವಲಿಗೆ ಒಬ್ಬ ಮುದುಕ. ಇನ್ನೇಳು ತಿಂಗಳಿಗೆ ನಿವೃತ್ತಿ. ಎಲ್ಲರ ಬಾಯಲ್ಲೂ ಅವನು ಟ್ಯಾಂಕಣ್ಣ. ದಿನಾ ಬೆಳಗ್ಗೆ ಉದ್ದನೆಯ ಅಳತೆಕೋಲನ್ನು ಟ್ಯಾಂಕಿನೊಳಗೆ ಇಳಿಸಿ, ಇಪ್ಪತ್ತು ಎಣಿಸಿ, ಮೇಲೆತ್ತಿ ಗಾಳಿಯಲ್ಲಿ ಬೀಸುವುದು ಅವನ ಪೂಜೆ. ನೈಟ್ರೋಜನ್ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಕೋಲಿಗೆ ಬಿಳಿ ಹಿಮ ಕೂರುತ್ತದೆ. ಆ ಬಿಳಿಗೆರೆಯನ್ನು ಬೆರಳಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಾನೆ. ನೈಟ್ರೋಜನ್ ಸುಮ್ಮನಿದ್ದರೂ ಆರಿಹೋಗುತ್ತಲೇ ಇರುತ್ತದೆ, ತುಂಬಿಸುತ್ತಲೇ ಇರಬೇಕು.

"ಟ್ಯಾಂಕಣ್ಣ, ಆರೋಗ್ಯವಂತರ ಡಬ್ಬಿ ತೆಗೀರಿ."

ಅವನು ದಪ್ಪ ಕೈಗವಸು ಹಾಕಿಕೊಂಡು ಎತ್ತಿದ. ಹೊಗೆಯಂಥ ಮಂಜು ನೆಲಕ್ಕಿಳಿದು ಅವರ ಪಾದ ಮುಚ್ಚಿತು. ನಲವತ್ತರಲ್ಲಿ ಇದುವರೆಗೆ ಅವಳು ಬಳಸಿದ್ದು ಒಂಬತ್ತು. ಮೂವತ್ತೊಂದು ಇರಬೇಕಿತ್ತು. ಏಳಿದ್ದವು.

ಟ್ಯಾಂಕಣ್ಣ ಅವಳ ಮುಖ ನೋಡಲಿಲ್ಲ. ಡಬ್ಬಿಯನ್ನು ಇಳಿಸಿ ಮುಚ್ಚಳ ಹಾಕಿದ.

"ಯಾರು ತಗೊಂಡ್ರು?"

"ನೀವು ಕೇಳ್ತೀರಿ ಅಂತ ಎರಡು ತಿಂಗಳಿಂದ ಕಾಯ್ತಿದ್ದೆ ತಾಯಿ," ಅಂದ ಅವನು. "ನಿರ್ದೇಶಕರ ಆಪ್ತ ಸಹಾಯಕ ಬಂದಿದ್ದ. ಜೊತೆಗೆ ಕೋಟು ಹಾಕ್ಕೊಂಡೋನು ಒಬ್ಬ, ಕಾರ್ಖಾನೆ ಕಡೆಯೋನು. ಕಾರ್ಮಿಕರ ಡಬ್ಬಿ ಹೊರಗೆ ಹಾಕ್ಸಿದ್ರು. ಆಮೇಲೆ, ಆರೋಗ್ಯವಾಗಿರೋದು ಯಾವುದಿದೆ ಅಂತ ಕೇಳಿದ್ರು. ಅಂಗಡಿಗೆ ಬಂದು, ಚೆನ್ನಾಗಿರೋ ಟೊಮೆಟೊ ಕೊಡಿ ಅಂತಾರಲ್ಲ, ಹಾಗೆ."

ರಕ್ತ ಎಂದರೆ ರಕ್ತ, ಕೆಂಪಗಿದ್ದರೆ ಸಾಕು ಎಂದುಕೊಂಡವರ ಕೆಲಸ. ರಕ್ತಕ್ಕೂ ಹೆಣ್ಣು ಗಂಡು ಉಂಟೆಂದು ಕೋಟಿನವನಿಗೆ ತಿಳಿದಿರಲಿಲ್ಲ. ತಿಳಿದಿದ್ದ ಸಣ್ಣಿ ಕೇಳಿರಲಿಲ್ಲ.

"ಅಸಲಿ ಸೀಸೆ ಏನಾಯ್ತು?"

"ಸುಟ್ಟುಬಿಡು ಅಂದ ಆಪ್ತ ಸಹಾಯಕ. ಕಾಗದ ಕೊಡಿ ಅಂದೆ. ಕಾಗದ ಕೊಡೋ ಕೆಲಸ ಆಗಿದ್ರೆ ನಿನಗ್ಯಾಕೆ ಹೇಳ್ತಿದ್ದೆ ಅಂದ." ಟ್ಯಾಂಕಣ್ಣ ಮೂಲೆಯ ಮೂರನೆಯ ಟ್ಯಾಂಕಿನ ಕಡೆ ಗದ್ದ ಚಾಚಿ ತೋರಿಸಿದ. ಅದರ ಮೇಲೆ 'ಗುಜರಿಗೆ' ಎಂದು ಸುಣ್ಣದಲ್ಲಿ ಬರೆದಿತ್ತು. "ಅಲ್ಲಿದಾವೆ. ಜನ ನಂಬಿ ಕೊಟ್ಟ ರಕ್ತ. ಅವ್ರಿಗೆ ಹೇಳ್ದೆ ಸುಡೋದು ನನ್ನ ಕೈಲಾಗ್ಲಿಲ್ಲ. ಆ ಟ್ಯಾಂಕಿಗೆ ನೈಟ್ರೋಜನ್ ಕೊಡೋದು ನಿಲ್ಸಿದಾರೆ. ದಿನಾ ಒಂದನೇ ಟ್ಯಾಂಕಿಂದ ನಾಲ್ಕು ಸೌಟು ಕದ್ದು ಹೊಯ್ತೀನಿ."

ಕೋಲು ಇಳಿಸಿ, ಎಣಿಸಿ, ಬೀಸಿ ತೋರಿಸಿದ. ನಾಲ್ಕು ಬೆರಳಿನಷ್ಟು ಬಿಳಿಗೆರೆ. ಅಕ್ಕನ ರಕ್ತ ಆ ನಾಲ್ಕು ಬೆರಳಿನ ಆಸರೆಯಲ್ಲಿತ್ತು.

ಆ ಕ್ಷಣವೇ ಡಬ್ಬಿ ಎತ್ತಿಕೊಂಡು ಹೊರಟಿದ್ದರೆ ಮುಂದಿನ ಕಥೆಯೇ ಬೇರೆ. ಆದರೆ ಸಣ್ಣಿ ನಿಯಮದ ಹುಡುಗಿ. ಸೀಸೆ ಹೊರತೆಗೆಯಲು ಎರಡು ಸಹಿ ಬೇಕು, ಒಂದು ನಿರ್ದೇಶಕರದು. ಅವರೇ ಅವಳಿಗೆ ಈ ವಿದ್ಯೆ ಕಲಿಸಿದವರು. ಆಪ್ತ ಸಹಾಯಕ ಅವರ ಬೆನ್ನ ಹಿಂದೆ ಮಾಡಿದ ಕೆಲಸವಿರಬಹುದು ಎಂದು ಅವಳ ಮನಸ್ಸು ಕೊನೆಯ ಹುಲ್ಲುಕಡ್ಡಿಯನ್ನು ಹಿಡಿದುಕೊಂಡಿತ್ತು.

"ನಾಳೆ ಸರ್ ಊರಿಂದ ಬರ್ತಾರೆ. ಮಾತಾಡ್ತೀನಿ."

"ಬೇಡ ತಾಯಿ. ಕಳ್ಳನ ಮನೆ ಬಾಗಿಲು ತಟ್ಟಿ ದೂರು ಕೊಟ್ಟ ಹಾಗಾಗತ್ತೆ."

"ಸರ್ ಅಂಥೋರಲ್ಲ ಟ್ಯಾಂಕಣ್ಣ."

ಅವನು ಕೋಲನ್ನು ಗೋಡೆಗೆ ಒರಗಿಸಿದ. "ಇರ್ಬಹುದು. ನಾನು ಓದಿದೋನಲ್ಲ."

*

ಬುಧವಾರ ಮಧ್ಯಾಹ್ನ ನಿರ್ದೇಶಕರು ಅವಳನ್ನು ಎಂದಿನಂತೆ, "ಬಾಮ್ಮ, ಕೂತ್ಕೋ" ಎಂದೇ ಒಳಗೆ ಕರೆದರು. ಮೇಜಿನ ಮೇಲೆ ಅವಳ ವರದಿಯ ಪ್ರತಿ, ಸಹಿಯ ಜಾಗದಲ್ಲಿ ಹಳದಿ ಚೀಟಿ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಒಬ್ಬರದೇ ರಕ್ತ ಅಂತೀಯ. ಯಾರದು?"

"ನನ್ನದು ಸರ್."

"ಸೀಸೆ ಕರಗಿಸಿದ್ದು ಯಾರು?"

"ನಾನು."

"ವರದಿ ಬರೆದಿದ್ದು?"

ಅವಳು ಸಹಿಯ ಜಾಗದ ಹಳದಿ ಚೀಟಿಯನ್ನು ನೋಡಿದಳು.

"ಹನ್ನೊಂದನೇ ನಂಬರು ನಿಮ್ಮಕ್ಕ ಅಂತ ಕೇಳ್ದೆ. ಅದನ್ನ ನೀನು ನನಗೆ ಹೇಳಲೇ ಇಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಮರುಕವಿತ್ತು. "ನಾನು ಏನೂ ಅಂತಿಲ್ಲಮ್ಮ. ನೀನು ನನ್ನ ಮಗಳಿದ್ದ ಹಾಗೆ. ಹೊರಗಿನೋರು ಏನಂತಾರೆ ಅನ್ನೋದನ್ನ ಹೇಳ್ತಿದೀನಿ. ಕಾಯಿಲೆ ಅಂತ ಗೊತ್ತಾದ್ರೆ ಅಕ್ಕನ್ನ ಕೆಲಸದಿಂದ ತೆಗೀತಾರೆ, ಅದಕ್ಕೆ ತಂಗಿ ತನ್ನ ರಕ್ತ ಇಟ್ಲು ಅಂತಾರೆ. ಆ ಒಂದಕ್ಕೆ ಅನುಮಾನ ಬರ್ಬಾರ್ದು ಅಂತ ಉಳಿದವನ್ನೂ ಬದಲಾಯಿಸಿದ್ಲು ಅಂತಾರೆ. ರಕ್ತ ನಿನ್ನದು, ಕೈ ನಿನ್ನದು, ಅಕ್ಕನೂ ನಿನ್ನವಳೇ."

ಕೋಣೆಯ ಗೋಡೆಗಳು ಒಂದೊಂದು ಗೇಣು ಹತ್ತಿರ ಸರಿದಂತಾಯಿತು. ಸಿಕ್ಕಿಬಿದ್ದ ಪ್ರಾಣಿ ಬಲೆಯ ಕಡೆಗೇ ನೆಗೆಯುವ ಹಾಗೆ, ಅವಳ ಬಾಯಿಂದ ಆ ಮಾತು ಹೊರಬಿತ್ತು.

"ಅಸಲಿ ಸೀಸೆಗಳು ಹಾಳಾಗಿಲ್ಲ ಸರ್. ಕೆಳಗೇ ಇವೆ. ಮತ್ತೆ ಮಾಡಬಹುದು."

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು. ಆಮೇಲೆ ಅವರು ಅದನ್ನು ಮೂಗಿನ ಮೇಲೇರಿಸಿಕೊಂಡು, ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದರು.

"ಹೌದಾ," ಅಂದರು. "ಒಳ್ಳೇದಾಯ್ತು."

ಮೆಟ್ಟಿಲಿಳಿಯುವಾಗ ಆ 'ಒಳ್ಳೇದಾಯ್ತು' ಅವಳ ಹಿಂದೆಯೇ ಇಳಿದು ಬಂತು. ಸಂಜೆ ತಡೆಯಲಾರದೆ ನೆಲಮಾಳಿಗೆಗೆ ಹೋದಳು. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಟ್ಯಾಂಕಣ್ಣನನ್ನು ಮಧ್ಯಾಹ್ನವೇ ಮೇಲಿನ ಮಹಡಿಯಲ್ಲಿ ಹಳೇ ಫೈಲು ಜೋಡಿಸುವುದಕ್ಕೆ ಹಾಕಿದ್ದರು.

*

ಗುರುವಾರ ಬೆಳಗ್ಗೆ ಬೀಗ ಇರಲಿಲ್ಲ. ಟ್ಯಾಂಕಣ್ಣ ಮೂರನೆಯ ಟ್ಯಾಂಕಿನ ಮುಂದೆ ನಿಂತಿದ್ದ. ಟ್ಯಾಂಕಿನ ಮುಚ್ಚಳ ಪಕ್ಕದ ಸ್ಟೂಲಿನ ಮೇಲೆ, ಯಾರೋ ಟೊಪ್ಪಿಗೆ ಕಳಚಿಟ್ಟಂತೆ, ಅಂಗಾತ ಇತ್ತು. ಅವನು ಕೋಲು ಇಳಿಸಿದ. ಇಪ್ಪತ್ತು ಎಣಿಸಿದ. ಮೇಲೆತ್ತಿ ಬೀಸಿದ. ಕೋಲು ಇದ್ದ ಬಣ್ಣದಲ್ಲೇ ಮೇಲೆ ಬಂತು. ಮತ್ತೊಮ್ಮೆ ಇಳಿಸಿದ. ಅಭ್ಯಾಸಬಲ.

ಸಣ್ಣಿ ಬರಿಗೈಯಲ್ಲೇ ಡಬ್ಬಿ ಎತ್ತಿದಳು. ಅದನ್ನು ಬರಿಗೈಯಲ್ಲಿ ಎತ್ತಬಹುದಾಗಿತ್ತು ಎಂಬುದೇ ಸುದ್ದಿ. ಕಲ್ಲಿನಂತಿರಬೇಕಾದ ಸೀಸೆಗಳೊಳಗೆ ಬಿಳಿಚಿದ ನೀರು ಅಲುಗಾಡಿತು. ಹನ್ನೊಂದನೆಯದನ್ನು ಬೆಳಕಿಗೆ ಹಿಡಿದಳು. ಅಕ್ಕನ ಕೋಶಗಳು ತಳದಲ್ಲಿ ಗಸಿಯಾಗಿ ಕೂತಿದ್ದವು. ಒಡೆದ ಕೋಶದ ಹತ್ತಿರ ಯಾವ ಪ್ರಶ್ನೆ ಕೇಳಿದರೂ ಉತ್ತರವಿಲ್ಲ.

"ಕದ್ದರೆ ಕಳ್ಳತನ ಆಗ್ತಿತ್ತು," ಅಂದ ಟ್ಯಾಂಕಣ್ಣ. "ಮುಚ್ಚಳ ಮರೆತರೆ ಬರೀ ಮರೆವು."

ಜೇಬಿನಿಂದ ಮಡಚಿದ ಕಾಗದ ತೆಗೆದುಕೊಟ್ಟ. ಟ್ಯಾಂಕಿನ ಮುಚ್ಚಳ ಹಾಕದೆ ಹೋದ ನಿರ್ಲಕ್ಷ್ಯಕ್ಕೆ ಕಾರಣ ಕೇಳಿ ಅವನಿಗೆ ನೋಟೀಸು. ಸಣ್ಣಿ ಮೇಲಿನ ಮೂಲೆ ನೋಡಿದಳು. ಅಲ್ಲಿದ್ದದ್ದು ಬುಧವಾರದ ತಾರೀಖು. ಮುಚ್ಚಳ ತೆರೆದದ್ದು ಕಾಣುವ ಮೊದಲೇ, ಅದನ್ನು ತೆರೆಯದವನಿಗೆ ಶಿಕ್ಷೆ ಟೈಪಾಗಿತ್ತು.

"ನನ್ನಿಂದ ಆಯ್ತು ಟ್ಯಾಂಕಣ್ಣ. ನಾನೇ ಹೇಳ್ಬಿಟ್ಟೆ."

"ಗೊತ್ತು," ಅಂದ ಅವನು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಪುಸ್ತಕ ತೆರೆದು ಮೂರನೆಯ ಟ್ಯಾಂಕಿನ ಮುಂದೆ ಸೊನ್ನೆ ಬರೆದ, ವೇಳೆ ಬರೆದ, ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದ.

ಕಾರ್ಖಾನೆಯಲ್ಲಿ ಸಂಜೆ ನಾಲ್ಕಕ್ಕೆ ಪಾಳಿ ಬಿಡುತ್ತದೆ. ಸಣ್ಣಿ ಅಕ್ಕನ ಮನೆ ಹೊಕ್ಕಾಗ ಅಕ್ಕ ಅಡುಗೆಮನೆಯ ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜುತ್ತಿದ್ದಳು. ಎಷ್ಟು ಉಜ್ಜಿದರೂ ಅವಳ ಮೈಯಿಂದ ಆ ಸಣ್ಣ ಸಿಹಿವಾಸನೆ ಹೋಗುತ್ತಿರಲಿಲ್ಲ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

"ಏನೇ, ದಾರಿ ತಪ್ಪಿ ಬಂದ್ಯಾ? ಕೂತ್ಕೋ. ಸಕ್ಕರೆ ಹಾಕಲ್ಲ, ಆ ಸಿಹೀನ ಮೂಸೀ ಮೂಸೀ ನನಗೆ ಸಕ್ಕರೆ ಕಂಡ್ರೇ ಆಗಲ್ಲ."

ಸಣ್ಣಿ ನಿಂತೇ ಹೇಳಿದಳು. ಕಿತ್ತಳೆ ಬಣ್ಣದಿಂದ ಹಿಡಿದು ಸೊನ್ನೆಯವರೆಗೆ. ಅಕ್ಕ ಕೇಳುತ್ತ ಕೇಳುತ್ತ ನಲ್ಲಿ ನಿಲ್ಲಿಸಿದಳು, ಒಲೆ ಆರಿಸಿದಳು, ಕೈ ಒರೆಸಿಕೊಂಡಳು.

"ಆರು ಜನ," ಅಂದಳು. "ಆರು ಜನರ ಮನೆಗೆ ನಾನೇ ಹೋಗಿದ್ದೆ. ಒಬ್ಬಳ ಅತ್ತೆ ಕಳ್ಸಲ್ಲ ಅಂತ ಬಾಗ್ಲಿಗೆ ಅಡ್ಡ ನಿಂತಿದ್ಲು. ನನ್ನ ತಂಗಿ ಸುಳ್ಳು ಹೇಳಲ್ಲ ಅಂತ ಅವಳ ಕೈ ಹಿಡಿದು ಹೇಳಿ ಬಂದೆ."

"ನಾನು ಸುಳ್ಳು ಹೇಳ್ಲಿಲ್ಲಕ್ಕ."

"ನೋಡಿದೀನಿ ಅಂದೆ. ನೋಡಿರ್ಲಿಲ್ಲ." ಅಕ್ಕ ತೋಳು ಚಾಚಿದಳು. ಹಳೆಯ ಕಲೆಗಳ ಪಕ್ಕ ಹೊಸವು ಎದ್ದಿದ್ದವು, ಅಂಗೈ ಅಗಲದವು. "ಇದು ನಿನ್ನ ಕಣ್ಣೆದುರಿಗೇ ಇತ್ತು ಕಣೇ. ಇದನ್ನ ಬಿಟ್ಟು ಪರದೆ ನೋಡ್ದೆ. ಪರದೇಲಿ ನಿನ್ನ ಮುಖ ನೀನೇ ನೋಡ್ಕೊಂಡು, ಅಕ್ಕ ಚೆನ್ನಾಗಿದಾಳೆ ಅಂದೆ."

ನಾಳೆ ಸಹಿ ಮಾಡುವುದಿಲ್ಲ ಎಂದಳು ಸಣ್ಣಿ. ಸಮಿತಿಯ ಮುಂದೆ ಎಲ್ಲ ಹೇಳುತ್ತೇನೆ ಎಂದಳು. ಅವರು ನನ್ನನ್ನೇ ಕಳ್ಳಿ ಮಾಡುತ್ತಾರೆ, ಮಾಡಲಿ; ಆದರೆ ತೋರಿಸುವುದಕ್ಕೆ ಇನ್ನು ಏನೂ ಉಳಿದಿಲ್ಲ, ಸೀಸೆಗಳೆಲ್ಲ ಹೋದವು ಎಂದಳು.

ಅಕ್ಕ ತಣ್ಣಗಾದ ಚಹಾವನ್ನು ಬಚ್ಚಲಿಗೆ ಚೆಲ್ಲಿದಳು.

"ಸೀಸೆ ಹೋದ್ವು," ಅಂದಳು. "ನಾವು ಇನ್ನೂ ಹೋಗಿಲ್ಲವಲ್ಲ."

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಎಲ್ಲಿಗೆಂದು ಸಣ್ಣಿ ಕೇಳಿದಾಗ ತಿರುಗಿ ನೋಡಲಿಲ್ಲ. ಆರು ಮನೆಗಳಿಗೆ ಮತ್ತೊಮ್ಮೆ ಹೋಗಬೇಕಿತ್ತು. ಈ ಸಲ ತಂಗಿಯ ಮಾತು ಹೊತ್ತುಕೊಂಡು ಅಲ್ಲ.

*

ಶುಕ್ರವಾರ ಹತ್ತು ಗಂಟೆಗೆ ಸಮಿತಿಯ ಐವರು ಸಂಸ್ಥೆಯ ಸಭಾಂಗಣದಲ್ಲಿ ಉದ್ದ ಮೇಜಿನ ಹಿಂದೆ ಕೂತರು. ಅಧ್ಯಕ್ಷೆ ನರೆಗೂದಲಿನ ಹೆಂಗಸು, ನಿವೃತ್ತ ನ್ಯಾಯಾಧೀಶೆ. ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು ಸಣ್ಣಿಯ ಮುಂದೆ ಇಟ್ಟರು. ಸಣ್ಣಿ ಅದಕ್ಕೆ ಮುಚ್ಚಳ ಹಾಕಿದಳು.

"ಈ ವರದೀಲಿ ಇಪ್ಪತ್ತನಾಲ್ಕು ಜನರ ರಕ್ತ ಅಂತ ಬರೆದಿದೀನಿ," ಅಂದಳು. "ಅಷ್ಟೂ ನನ್ನದು. ಕಾರ್ಮಿಕರ ರಕ್ತ ಇದರಲ್ಲಿ ಒಂದು ಹನೀನೂ ಇಲ್ಲ."

ಕಂಪನಿಯ ವಕೀಲ ಎದ್ದು ನಿಂತ. ನಿರ್ದೇಶಕರು ಎದ್ದು ನಿಲ್ಲಲೂ ಇಲ್ಲ. ಅವಳ ಒತ್ತಡ, ಅವಳ ಅಕ್ಕ, ಹನ್ನೊಂದನೆಯ ನಂಬರು ಎಲ್ಲವನ್ನೂ ಮೆಲುದನಿಯಲ್ಲಿ, ಬಲು ನೋವಿನಿಂದ, ಸಭೆಗೆ ಹೇಳಿದರು. ಪೊಲೀಸರಿಗೆ ಬರೆಯಬೇಕಾಗಿ ಬಂದದ್ದಕ್ಕೆ ವಿಷಾದವಿದೆ ಎಂದರು. ಪತ್ರ ಆಗಲೇ ಟೈಪಾಗಿತ್ತು. ಆ ಕಟ್ಟಡದಲ್ಲಿ ಕಾಗದಗಳು ಯಾವಾಗಲೂ ಘಟನೆಗಿಂತ ಒಂದು ದಿನ ಮುಂದಿರುತ್ತಿದ್ದವು.

"ನಿಮ್ಮ ಮಾತಿಗೆ ಆಧಾರ?" ಅಧ್ಯಕ್ಷೆ ಸಣ್ಣಿಯನ್ನು ಕೇಳಿದರು. "ಮೂಲ ಮಾದರಿ ಎಲ್ಲಿದೆ?"

ಬಾಗಿಲು ತೆರೆಯಿತು. ಮುಂದೆ ಟ್ಯಾಂಕಣ್ಣ, ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಬುಧವಾರದ ನೋಟೀಸು. ಅವನ ಹಿಂದೆ ಅಕ್ಕ. ಅವಳ ಹಿಂದೆ ಕಾರಿಡಾರಿನುದ್ದಕ್ಕೂ ಕೆಲಸದ ಅಂಗಿಯಲ್ಲೇ ಬಂದಿದ್ದ ಜನ. ಇಪ್ಪತ್ತನಾಲ್ಕರಲ್ಲಿ ಬಂದವರು ಹತ್ತೊಂಬತ್ತು. ನಾಲ್ವರನ್ನು ಕಾರ್ಖಾನೆ ಗೇಟಿನಿಂದ ಹೊರಗೆ ಬಿಟ್ಟಿರಲಿಲ್ಲ. ಆರನೆಯ ನಂಬರು, ಪುರುಷ, ನಲವತ್ತನಾಲ್ಕು ವರ್ಷ, ಮಂಗಳವಾರದಿಂದ ಆಸ್ಪತ್ರೆಯಲ್ಲಿದ್ದ.

"ಇಲ್ಲಿದೀವಿ," ಅಂದಳು ಅಕ್ಕ. "ತಗೊಳ್ಳಿ. ನಿಮ್ಮ ಕಣ್ಣೆದುರಿಗೇ ತಗೊಳ್ಳಿ."

ವಕೀಲ ನಿಯಮಾವಳಿಯ ಸಂಖ್ಯೆಯೊಂದನ್ನು ಹೇಳಿದ. ಅಧ್ಯಕ್ಷೆ ಟ್ಯಾಂಕಣ್ಣನ ಕೈಯಿಂದ ನೋಟೀಸು ತೆಗೆದುಕೊಂಡು ತಾರೀಖು ಓದಿದರು, ಪುಸ್ತಕದಲ್ಲಿ ಸೊನ್ನೆಯ ತಾರೀಖು ಓದಿದರು, ಮತ್ತೆ ನೋಟೀಸು ಓದಿದರು. ಆಮೇಲೆ ನರ್ಸಮ್ಮನನ್ನು ಕರೆಸಿದರು.

ನರ್ಸಮ್ಮ ತಟ್ಟೆ ಹಿಡಿದು ಬಂದಳು. ನಿರ್ದೇಶಕರು ಅವಳ ಕಡೆ ನೋಡಿದರು. ಅವಳು ತಟ್ಟೆಯ ಕಡೆ ನೋಡಿದಳು.

"ನನ್ನ ಕೆಲಸ ರಕ್ತ ತೆಗೆಯೋದು ಸಾರ್. ಯಾರ್ದು, ಯಾಕೆ ಅಂತ ಯಾರೂ ನನಗೆ ಹೇಳ್ಕೊಟ್ಟಿಲ್ಲ."

ಅಕ್ಕ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿ ಕೈ ಚಾಚಿದಳು. ಸಮಿತಿಯ ಐವರೂ ಆ ಕಲೆಗಳನ್ನು ನೋಡಿದರು. ಒಬ್ಬರು ಮುಖ ತಿರುಗಿಸಿದರು. ಸೂಜಿ ಹೊಕ್ಕಿತು, ಸೀಸೆ ತುಂಬಿತು, ಅಧ್ಯಕ್ಷೆ ಅದರ ಚೀಟಿಯ ಮೇಲೆ ತಾವೇ ಸಹಿ ಹಾಕಿದರು. ನರ್ಸಮ್ಮ ಸೂಜಿ ಎಳೆದು ಹತ್ತಿಯುಂಡೆ ಇಟ್ಟಳು. "ಯಾರಾದ್ರೂ ಒತ್ತಿ ಹಿಡ್ಕೊಳಿ. ಎರಡು ನಿಮಿಷ, ನಿಂತುಬಿಡತ್ತೆ."

ಸಣ್ಣಿ ಮಂಡಿಯೂರಿ ಹತ್ತಿಯ ಮೇಲೆ ಹೆಬ್ಬೆರಳೊತ್ತಿದಳು. ನಿನ್ನೆಯಿಂದ ಅಕ್ಕ ಅವಳ ಜೊತೆ ಮಾತಾಡಿರಲಿಲ್ಲ. ಈಗಲೂ ಆಡಲಿಲ್ಲ, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಎರಡು ನಿಮಿಷವಾಯಿತು. ಹತ್ತಿ ಕೆಂಪಾಯಿತು. ನರ್ಸಮ್ಮ ಇನ್ನೊಂದು ಕೊಟ್ಟಳು. ಐದು ನಿಮಿಷಕ್ಕೆ ಅದೂ ಒದ್ದೆಯಾಗಿ ಸಣ್ಣಿಯ ಉಗುರಿನ ಸಂದಿಗೆ ಬೆಚ್ಚಗೆ ಇಳಿಯಿತು. ನರ್ಸಮ್ಮ ಮೂರನೆಯದನ್ನು ಕೊಟ್ಟಳು. ವಕೀಲ ಹೇಳುತ್ತಿದ್ದ ನಿಯಮ ಅರ್ಧಕ್ಕೆ ನಿಂತಿತ್ತು.

"ಬಿಡೇ," ಅಂದಳು ಅಕ್ಕ, ಕೊನೆಗೆ, ಅವಳಿಗಷ್ಟೇ ಕೇಳುವಂತೆ. "ನಿನ್ನ ಬೆರಳು ನೋಯತ್ತೆ."

ಸಣ್ಣಿ ಬಿಡಲಿಲ್ಲ. ಒಂಬತ್ತು ನಿಮಿಷ. ರಕ್ತ ಅವಸರವಿಲ್ಲದೆ ಹತ್ತಿಯ ಅಂಚು ದಾಟಿತು, ಮೊಣಕೈಯಿಂದ ಒಂದು ಹನಿ ನೆಲಕ್ಕೆ ಬಿತ್ತು. ಆ ಹನಿಯನ್ನು ಸಮಿತಿಯವರೂ ನೋಡಿದರು, ಬಾಗಿಲಲ್ಲಿ ನಿಂತಿದ್ದವರೂ ನೋಡಿದರು. ಅಂಗಿಯ ತೋಳನ್ನು ಮೇಲೇರಿಸಿದ್ದ ಸಾಲಿನ ಎರಡನೆಯವನು ಅದನ್ನು ಒಂದು ಗಳಿಗೆ ಹಾಗೇ ಹಿಡಿದು ನಿಂತ, ತನ್ನ ತೋಳನ್ನೇ ದಿಟ್ಟಿಸಿದ.

ಆಮೇಲೆ ಅವನು ಬಂದು ಕುರ್ಚಿಯಲ್ಲಿ ಕೂತ. ನರ್ಸಮ್ಮ ತಟ್ಟೆಯಲ್ಲಿದ್ದ ಹತ್ತಿಯ ಉಂಡೆಗಳನ್ನು ಕಣ್ಣಲ್ಲೇ ಎಣಿಸಿದಳು, ಸಾಲನ್ನು ನೋಡಿದಳು, ಇನ್ನೊಂದು ಪೊಟ್ಟಣ ತರಲು ಟ್ಯಾಂಕಣ್ಣನನ್ನು ಕಳಿಸಿದಳು.